ಲೆಕ್ ಗೋರ್ಮಲ್

ಪಾರುಪತ್ಯಗಾರನನ್ನು ದೋಣಿಯಿಂದ ದಡಕ್ಕೆ ಹೊತ್ತು ತರುವುದು ತಾಂಗಸ್ಟಾದ ಹೆಂಗಸರ ಕೆಲಸ. ಕುದುರೆಯ ಕೆಲಸ ಅಲ್ಲ. ಕುದುರೆ ಆ ಬಂಡೆಗಳ ನಡುವೆ ಕಾಲಿಡುವುದಿಲ್ಲ. ಅದಕ್ಕೆ ಅಷ್ಟು ಬುದ್ಧಿ ಇದೆ.

ತಾಂಗಸ್ಟಾ ಊರಿರುವ ಸೋರಸೇ ದ್ವೀಪವೆಲ್ಲ ಒಬ್ಬ ಧಣಿಯದು. ಧಣಿ ಲಂಡನ್ನಿನಲ್ಲಿ ಇರುತ್ತಾನೆ. ಅವನ ಹೆಸರಿನಲ್ಲಿ ದ್ವೀಪ ಆಳುವವನು ಪಾರುಪತ್ಯಗಾರ ಹಾಲಿಬರ್ಟನ್. ತಾಂಗಸ್ಟಾದಲ್ಲಿ ದೋಣಿ ಕಟ್ಟುವ ಧಕ್ಕೆ ಇಲ್ಲ. ಕಟ್ಟಿಸಿಕೊಡಿ ಎಂದು ಮೂರು ಸಲ ಕೇಳಿದ್ದಾಯಿತು. ಹೆಂಗಸರ ಬೆನ್ನು ಪುಕ್ಕಟೆ ಸಿಗುವಾಗ ಕಲ್ಲಿನ ಧಕ್ಕೆ ಯಾರು ಕಟ್ಟಿಸುತ್ತಾರೆ? ಅವನ ದೋಣಿ ಸೊಂಟದುದ್ದ ನೀರಿನಲ್ಲಿ ನಿಲ್ಲುತ್ತದೆ. ಪಾಳಿ ಬಂದ ಮನೆಯ ಹೆಂಗಸು ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನೀರಿಗೆ ಇಳಿಯಬೇಕು. ಬೆನ್ನು ಕೊಡಬೇಕು. ಅವನು ಬೂಟು ಹಾಕಿಕೊಂಡೇ ಹತ್ತುತ್ತಾನೆ. ಒಂದು ಕೈ ಅವಳ ಕೊರಳಿಗೆ, ಇನ್ನೊಂದು ಕೈಯಲ್ಲಿ ಬೆತ್ತ.

ತಾಂಗಸ್ಟಾದ ಹೆಂಗಸರು ಗಂಡಂದಿರನ್ನೂ ಹೊರುತ್ತಾರೆ. ಒದ್ದೆ ಕಾಲಿನಲ್ಲಿ ಇಡೀ ಹಗಲು ದೋಣಿಯಲ್ಲಿ ಕೂತರೆ ಗಂಡಸಿಗೆ ಎದೆ ಕಟ್ಟುತ್ತದೆ ಎಂದು ಹೊತ್ತು ಏರಿಸುತ್ತಾರೆ. ಅದು ಬೇರೆ. ಮಾರ್ಸಲಿಯ ಗಂಡ ತೊರ್ಕಲ್ ಅವಳ ಬೆನ್ನ ಮೇಲಿದ್ದಾಗ ಕಿವಿಯಲ್ಲಿ ಪೋಲಿ ಮಾತಾಡುತ್ತಿದ್ದ. "ನೀರಿಗೆ ಎತ್ತಾಕ್ತೀನಿ ನೋಡು" ಎಂದು ಅವಳು ನಗುತ್ತಿದ್ದಳು. ಹೊರುವುದರಲ್ಲಿ ಅವಮಾನ ಇಲ್ಲ. ಹೊರಿಸಿಕೊಳ್ಳುವವನು ಯಾರು ಎಂಬುದರಲ್ಲಿ ಇದೆ.

ಹದಿನಾರು ವರ್ಷದ ಹಿಂದೆ ಮಾರ್ಸಲಿಯ ಅವ್ವ ಗೋರ್ಮಲ್ ಇದೇ ಹಾಲಿಬರ್ಟನ್‌ನನ್ನು ಹೊತ್ತು ಬರುತ್ತಿದ್ದಳು. ಅವಳಿಗೆ ಜ್ವರ. ಮೈ ಕಾದ ಹೆಂಚಾಗಿತ್ತು. ಪಾಳಿ ಬದಲಿಸಿಕೊಡಿ ಎಂದು ಬೇಡಿಕೊಂಡಿದ್ದಳು. ಬದಲಿಸಲಿಲ್ಲ. ದಡಕ್ಕೆ ಮೂವತ್ತು ಹೆಜ್ಜೆ ಇರುವಾಗ ಒಂದು ಹಾಸುಬಂಡೆ ಇದೆ, ಅದರ ಪಕ್ಕದಲ್ಲಿ ಎರಡಾಳು ಆಳದ ಕೊರಕಲು. ಗೋರ್ಮಲ್ ಬಂಡೆಯ ಮೇಲೆ ಜಾರಿದಳು. ಇಬ್ಬರೂ ಕೊರಕಲಿಗೆ ಬಿದ್ದರು. ಹಾಲಿಬರ್ಟನ್‌ಗೆ ಈಜು ಬಾರದು. ಅವನು ಬಂಡೆಯ ಅಂಚು ಹಿಡಿದು ನಿಂತ. ಯಾತರ ಮೇಲೆ ನಿಂತ? ಕೆಳಗೆ ನೆಲ ಇರಲಿಲ್ಲ. ಗೋರ್ಮಲ್ ಇದ್ದಳು. ದೋಣಿಯವರು ಬಂದು ಅವನನ್ನು ಎಳೆದುಕೊಳ್ಳುವ ತನಕ ನಿಂತೇ ಇದ್ದ. ಟೋಪಿ ಕೂಡ ಒದ್ದೆ ಆಗಲಿಲ್ಲ.

ಆಗ ಮಾರ್ಸಲಿಗೆ ಹನ್ನೆರಡು. ದಡದಲ್ಲಿ ನಿಂತು ಎಲ್ಲ ನೋಡಿದಳು.

"ಕಾಲ ಕೆಳಗೆ ಬಂಡೆ ಇದೆ ಅಂದುಕೊಂಡೆ" ಎಂದು ಅವನು ಪಾದ್ರಿಯ ಮುಂದೆ ಹೇಳಿದನಂತೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಕಡಲಿನ ಇಳಿತ ಹೆಣವನ್ನು ಎಳೆದುಕೊಂಡು ಹೋಯಿತು. ಗೋರ್ಮಲ್‌ಗೆ ಗೋರಿ ಇಲ್ಲ. ಆ ಹಾಸುಬಂಡೆಗೆ ಅಂದಿನಿಂದ ಲೆಕ್ ಗೋರ್ಮಲ್ ಎಂದು ಹೆಸರು. ಲೆಕ್ ಅಂದರೆ ಹಾಸುಬಂಡೆ. ಯಾರೂ ಸಭೆ ಸೇರಿ ಇಟ್ಟ ಹೆಸರಲ್ಲ. ಹೆಂಗಸರು ಅಲ್ಲಿ ದಾಟುವಾಗ ಒಬ್ಬರಿಗೊಬ್ಬರು ಹೇಳಿಕೊಂಡು ದಾಟಿದರು, ನಿಂತುಬಿಟ್ಟಿತು. ಮಾರ್ಸಲಿಗೆ ಅವ್ವ ಅಂತ ಉಳಿದದ್ದು ಅಷ್ಟೇ, ಆ ಬಂಡೆ ಮತ್ತು ಆ ಎರಡು ಮಾತು.

ಹಾಲಿಬರ್ಟನ್ ಆಮೇಲೂ ಬಂದ. ಆಮೇಲೂ ಹೊತ್ತರು. ಗೋರ್ಮಲ್‌ಳ ಪಾಳಿ ಮಗಳ ಬೆನ್ನಿಗೆ ಬಂತು.

*

ಆ ಬೇಸಿಗೆಯಲ್ಲಿ ರಾಣಿಯ ಸರಕಾರದವರು ನಕಾಶೆ ಬರೆಯಲು ಬಂದರು. ಅವರ ಕಾರ್ಪೊರಲ್ ಟ್ವೀಡಿ ಎಂಬ ಕೆಂಪು ಮೀಸೆಯವನು. ಅವನಿಗೆ ನಮ್ಮ ಗೇಲಿಕ್ ಮಾತು ಬಾರದು. ಧಣಿಯ ತಳವಾರ ತೊರಮೊದ್ ಅವನಿಗೆ ದುಭಾಷಿ. ತೊರಮೊದ್ ನಮ್ಮೂರಿನವನೇ. ಬೇಲಿ ಎದ್ದು ಹೊಲ ಮೇಯುವುದು ಅಂದರೆ ಏನು ಎಂದು ನಮ್ಮಲ್ಲಿ ಯಾರಾದರೂ ಕೇಳಿದರೆ ಅವನ ಮನೆ ತೋರಿಸುತ್ತಾರೆ.

"ದೊರೆಗೆ ಕಡಲ ಕರೇಲಿರೋ ಕಲ್ಲಿನ ಹೆಸರೆಲ್ಲ ಬೇಕಂತೆ. ಯಾರ್ಗೆ ಗೊತ್ತು?" ಎಂದು ಅವನು ಬಾವಿಯ ಹತ್ತಿರ ಕೂಗಿದ.

ಮಾರ್ಸಲಿಯ ಸೋದರತ್ತೆ ಬೇಹಾಗ್ ಕೊಡ ಕೆಳಗಿಟ್ಟಳು. ಎಪ್ಪತ್ತು ದಾಟಿದ ಮುದುಕಿ. ಬಾಯಿ ಮಾತ್ರ ಹದಿನೆಂಟರದು. "ಆ ಕಲ್ಲಿನ ಮ್ಯಾಲೆ ಕಾಲು ಕುಯ್ಸ್ಕಂಡೋರ್ಗೆ ಗೊತ್ತು ಕಣ್ಲಾ. ಧಣಿ ಕೊಟ್ಟ ಜೋಡು ಮೆಟ್ಕಂಡು ತಿರ್ಗೋನು ನೀನು, ನಿಂಗೆಲ್ಲಿ ಗೊತ್ತಾದದು?"

ಹೆಂಗಸರು ನಕ್ಕರು. ತೊರಮೊದ್ ಆ ಮಾತನ್ನು ದೊರೆಗೆ ದಾಟಿಸಲಿಲ್ಲ.

ಕಡಲಸೊಪ್ಪು ಇಲ್ಲದೆ ತಾಂಗಸ್ಟಾ ಇಲ್ಲ. ಊರಿನ ಹೊಲ ಬರೀ ಮರಳು ಮತ್ತು ಜೌಗು. ಬಂಡೆಗಳ ಮೇಲೆ ಬೆಳೆಯುವ ಸೊಪ್ಪನ್ನು ಕೊಯ್ದು ಹೊತ್ತು ಗೊಬ್ಬರವಾಗಿ ಹಾಕಿದರೆ ಮಾತ್ರ ಆಲೂಗಡ್ಡೆ ಏಳುತ್ತದೆ. ಚಳಿ ಮುಗಿಯದ ತಿಂಗಳಲ್ಲಿ, ನೀರು ತೀರಾ ಇಳಿದಿರುವ ನಾಲ್ಕು ಗಂಟೆಯ ಅವಧಿಯಲ್ಲೇ ಕೊಯ್ಯಬೇಕು. ಬರಿಗಾಲು. ಬಂಡೆಗೆ ಅಂಟಿದ ಚಿಪ್ಪು ಬ್ಲೇಡಿನಂತೆ ಕುಯ್ಯುತ್ತದೆ. ಕೈ ಮರಗಟ್ಟಿ ಕುಡುಗೋಲು ಬೆರಳಿಗೆ ತಾಕಿದರೂ ತಿಳಿಯುವುದಿಲ್ಲ, ಸೊಪ್ಪು ಕೆಂಪಾದಾಗ ತಿಳಿಯುತ್ತದೆ. ತುಂಬಿದ ಹೆಡಿಗೆಯ ಹಗ್ಗವನ್ನು ಎದೆಗೆ ಅಡ್ಡ ಹಾಕಿಕೊಂಡು ಗುಡ್ಡ ಹತ್ತಬೇಕು. ಎದೆಯ ಮೇಲೆ ಹಗ್ಗದ ಗೆರೆ ಇಲ್ಲದ ಹೆಂಗಸು ಊರಲ್ಲಿ ಇಲ್ಲ. ಮದುವೆಯ ಮೊದಲ ದಿನ ಗಂಡ ನೋಡುವುದೇ ಆ ಗೆರೆಯನ್ನು.

ಪ್ರತಿ ಮನೆಗೆ ಒಂದೊಂದು ತುಂಡು ಕಡಲಕರೆ. ಪ್ರತಿ ತುಂಡಿನ ಬಂಡೆಗಳಿಗೆ ಹೆಸರು. ಸಾವಿರ ವರ್ಷದ ಹಿಂದೆ ಬಂದ ನಾರ್ಸ್ ನಾವಿಕರು ಒಂದು ಮಾತು ಇಟ್ಟುಹೋದರು, ನಮ್ಮವರು ಅದರ ಬಾಲಕ್ಕೆ ಗೇಲಿಕ್ ಕಟ್ಟಿದರು. ಸ್ಗೇರ್ ರಾಗ್ನಲ್, ಅದು ರಾಗ್ನಲನ ಬಂಡೆ. ಗ್ಯೋ ಈವರ್, ಅದು ಈವರನ ಕೊರಕಲು. ಅಜ್ಜಿಹಲ್ಲು. ಒದ್ದೆರೊಟ್ಟಿ. ಗಂಡನನ್ನು ಬಯ್ಯೋ ಕಲ್ಲು. ಹೆಸರು ಹೇಳಿದರೆ ಆ ಮನೆಯವರು ಅಲ್ಲಿ ಎಷ್ಟು ತಲೆಮಾರಿನಿಂದ ಕೊಯ್ಯುತ್ತಿದ್ದಾರೆ ಎಂದು ಹೇಳಿದ ಹಾಗೆ.

ಮಾರ್ಸಲಿ ಎರಡು ದಿನ ಕಾರ್ಪೊರಲ್‌ನ ಮುಂದೆ ನಡೆದಳು. ಬೇಹಾಗತ್ತೆ ಹಿಂದಿನಿಂದ ಕೋಲೂರಿ ಬರುತ್ತ ಮರೆತದ್ದನ್ನು ಕೂಗಿ ಹೇಳುತ್ತಿದ್ದಳು. ನಲವತ್ತಮೂರು ಹೆಸರಾಯಿತು. ಕಾರ್ಪೊರಲ್ ಒಂದೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡ. ಯಾಕೆ ಈ ಹೆಸರು ಎಂದೂ ಬರೆದುಕೊಂಡ. ಕೆಟ್ಟವನಲ್ಲ. ಮಧ್ಯಾಹ್ನ ತನ್ನ ಬಿಸ್ಕತ್ತು ಮುರಿದು ಕೊಟ್ಟ.

ಕೊನೆಯದು ಲೆಕ್ ಗೋರ್ಮಲ್. ನೀರು ಇಳಿದಿತ್ತು. ಬಂಡೆ ಒದ್ದೆಯಾಗಿ ಮಲಗಿತ್ತು.

"ಗೋರ್ಮಲ್ ಯಾರು ಅಂತ ಕೇಳ್ತಾವ್ರೆ" ಎಂದ ತೊರಮೊದ್. ಮಾರ್ಸಲಿ ಹೇಳಿದಳು. ತೊರಮೊದ್ ತನ್ನ ಬೂಟು ನೋಡಿಕೊಂಡ.

"ಯೋಳ್ಲಾ. ದೊರೆಗೆ ಯೋಳು."

"ಆಗಾಕಿಲ್ಲ ಕಣಮ್ಮಿ. ನನ್ನ ಮನೆ ಹೋಯ್ತದೆ."

ಮಾರ್ಸಲಿ ಕೊರಕಲಿನ ಅಂಚಿನಲ್ಲಿ ಬೋರಲು ಮಲಗಿದಳು. ತೊರಮೊದ್‌ನ ಕಾಲು ಹಿಡಿದು ಎಳೆದು, ಅವನ ಬೂಟನ್ನು ತನ್ನ ಕತ್ತಿನ ಹಿಂದೆ ಇಟ್ಟುಕೊಂಡಳು. ಆಮೇಲೆ ಕೈ ಎತ್ತಿ ದೂರದ ಗುಡ್ಡ ತೋರಿಸಿದಳು. ಕೊಲ್ಲಿಯ ಆಚೆ ಆ ಗುಡ್ಡದ ಮೇಲೆ ಹಾಲಿಬರ್ಟನ್‌ನ ಬಿಳಿ ಮನೆ.

ಕಾರ್ಪೊರಲ್‌ಗೆ ತಿಳಿಯಿತು. ಪೆನ್ಸಿಲಿನ ಮೊನೆಯನ್ನು ನಾಲಿಗೆಗೆ ತಾಕಿಸಿಕೊಂಡ. ಆಮೇಲೆ ಬರೆದ. ತೊರಮೊದ್ ಕಾಲು ಕಿತ್ತುಕೊಂಡು ದೂರ ಹೋಗಿ, ಕಡಲಿಗೆ ಮುಖ ಮಾಡಿ ನಿಂತ.

"ಇನ್ನು ನಕಾಶೇಲಿ ಬತ್ತದಾ?" ಎಂದು ಮಾರ್ಸಲಿ ತೊರಮೊದ್‌ನನ್ನು ಕರೆದು ಕೇಳಿಸಿದಳು.

ಬರುತ್ತದೆ, ಆದರೆ ಪುಸ್ತಕಕ್ಕೆ ಮೂವರು ಗಣ್ಯರ ಸಹಿ ಬೀಳಬೇಕು ಎಂದ ಕಾರ್ಪೊರಲ್. ಪಾದ್ರಿ, ಮೇಷ್ಟ್ರು, ಪಾರುಪತ್ಯಗಾರ.

"ಹೆಸರು ಯೋಳಿದ್ದು ನಾನು. ನಂದ್ಯಾಕೆ ಬ್ಯಾಡ?"

ಕಾರ್ಪೊರಲ್ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡ.

*

ಹತ್ತು ದಿನದ ಮೇಲೆ ಹಾಲಿಬರ್ಟನ್ ಬಂದ. ಅಂದು ಹೊತ್ತವಳು ಪಕ್ಕದ ಮನೆಯ ಕಿರ್ಸ್ತಿ. ಮರಳಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತ. ಊರನ್ನೆಲ್ಲ ಕರೆಸಿದ. ಕಾರ್ಪೊರಲ್ ಟ್ವೀಡಿ ಹೆಸರಿನ ಪುಸ್ತಕ ತಂದು ಅವನ ಕೈಗಿಟ್ಟ. ಮೇಷ್ಟ್ರು, ಪಾದ್ರಿ ಇಬ್ಬರದೂ ಸಹಿ ಆಗಲೇ ಆಗಿತ್ತು. ಅವರು ಓದದೆ ಹಾಕಿದ್ದರು. ಹಾಲಿಬರ್ಟನ್ ಓದಿದ. ಓದುತ್ತ ಓದುತ್ತ ಅವನ ಕತ್ತು ಕೆಂಪಾಯಿತು.

"ಕೆಂಪು ಶಾಯಿ" ಎಂದ.

ಹದಿನೆಂಟು ವರ್ಷ ದ್ವೀಪದಲ್ಲಿದ್ದು ನಮ್ಮ ಮಾತನ್ನು ಬೈಯುವಷ್ಟು ಕಲಿತಿದ್ದ. ಒಂದೊಂದೇ ಹೆಸರು ಗಟ್ಟಿಯಾಗಿ ಓದಿದ. ಓದಿ ಹೊಡೆದುಹಾಕಿದ. ಸ್ಗೇರ್ ರಾಗ್ನಲ್, ಹೆಸರಿಲ್ಲ. ಗ್ಯೋ ಈವರ್, ಹೆಸರಿಲ್ಲ. ಅಜ್ಜಿಹಲ್ಲು, ಹೆಸರಿಲ್ಲ. ಆಯಾ ಮನೆಯ ಹೆಂಗಸು ತಲೆ ತಗ್ಗಿಸಿ ನಿಂತು ಕೇಳಿದಳು. ಕೊನೆಯದನ್ನು ಅವನು ಓದಲಿಲ್ಲ. ಸುಮ್ಮನೆ ಹೊಡೆದ. ಒಂದು ಗೆರೆ ಸಾಲದೆಂದು ಮೂರು ಗೆರೆ ಎಳೆದ. ಕಾಗದ ಹರಿಯಿತು.

"ಅದು ನಮ್ಮವ್ವನ ಗೋರಿ ಬುದ್ಧಿ" ಎಂದಳು ಮಾರ್ಸಲಿ. "ಬ್ಯಾರೆ ಎಲ್ಲ ಹೊಡ್ಕಳಿ. ಅದೊಂದು ಬುಡಿ."

"ಅದು ಬರೀ ಕಲ್ಲು. ಕಲ್ಲಿಗೆ ಹೆಸರಿಲ್ಲ."

ಆಮೇಲೆ ಅಸಲು ಸಂಗತಿ ಹೇಳಿದ. ಮೂರು ಮೈಲಿ ಕರೆಯನ್ನು ಆಚೆಯ ಕುರಿಫಾರಮ್ಮಿನವನಿಗೆ ಗುತ್ತಿಗೆ ಕೊಟ್ಟಾಗಿದೆ. ಇನ್ನು ಮುಂದೆ ತಾಂಗಸ್ಟಾದವರು ಒಂದು ಎಸಳು ಸೊಪ್ಪು ಮುಟ್ಟಿದರೆ ಅದು ಕಳ್ಳತನ. ನಮ್ಮ ಹಕ್ಕು ಎನ್ನುತ್ತೀರಾ? ಸರಕಾರದ ನಕಾಶೆ ನೋಡಿ. ಅಲ್ಲಿ ಯಾರ ಹೆಸರೂ ಇಲ್ಲ.

"ಕಾರ್ಪೊರಲ್ ದೊರೆ ಕೈಯಾರೆ ಬರ್ದವ್ರಲ್ಲ?" ಎಂದಳು ಬೇಹಾಗತ್ತೆ.

ಎಲ್ಲರೂ ಟ್ವೀಡಿಯ ಕಡೆ ನೋಡಿದರು. ಅವನು ನೆಲ ಅಳೆಯುವ ಸರಪಳಿ ಸುತ್ತುತ್ತಿದ್ದ. ಸುತ್ತಿದ ಸರಪಳಿಯನ್ನು ಬಿಚ್ಚಿ ಮತ್ತೆ ಸುತ್ತಿದ.

*

ಆಲೂಗಡ್ಡೆಗೆ ನಕಾಶೆ ಓದಲು ಬಾರದು. ಮಾರ್ಚಿನಲ್ಲಿ ಅದಕ್ಕೆ ಸೊಪ್ಪು ಬೇಕು. ಹನ್ನೊಂದು ಹೆಂಗಸರು ಕುಡುಗೋಲು ಹಿಡಿದು ಇಳಿದರು.

ಗಂಡಸರ ದೋಣಿಗಳು ಹೊರಗಡಲಿಗೆ ಹೋದ ದಿನ ನೋಡಿಯೇ ಪೊಲೀಸರು ಬಂದರು. ಆರು ಜನ. ಹೊರಗಿನವರು. ಅವರ ಇಂಗ್ಲಿಷು ನಮಗೆ ತಿಳಿಯದು, ನಮ್ಮ ಬೈಗುಳ ಅವರಿಗೆ ತಿಳಿಯದು. ಲಾಠಿ ಎಲ್ಲರಿಗೂ ತಿಳಿಯುತ್ತದೆ.

ಮೊದಲು ಹೆಡಿಗೆಗಳನ್ನು ಒದ್ದರು. ಕೊಯ್ದ ಸೊಪ್ಪನ್ನು ಕಡಲಿಗೆ ಚೆಲ್ಲಿದರು. ಖಾಲಿ ಹೆಡಿಗೆಗಳನ್ನು ಗುಡ್ಡೆ ಹಾಕಿ ಬೆಂಕಿ ಇಟ್ಟರು. ಒಂದು ಹೆಡಿಗೆ ಹೆಣೆಯಲು ಎಂಟು ದಿನ ಬೇಕು. ಮರವಿಲ್ಲದ ದ್ವೀಪದಲ್ಲಿ ಕಡ್ಡಿಗಾಗಿ ಊರೂರು ಬೇಡಬೇಕು. ಬೇಹಾಗತ್ತೆ ತನ್ನ ಹೆಡಿಗೆಯನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟಳು.

"ಇದ ಸುಡ್ಬೇಕಾದ್ರೆ ನನ್ನೂ ಸೇರ್ಸಿ ಸುಡ್ರೋ. ಬೆಚ್ಚಗಾದ್ರೂ ಆಯ್ತದೆ."

ಲಾಠಿ ಅವಳ ದವಡೆಗೆ ಬಿತ್ತು. ಒಣಕಟ್ಟಿಗೆ ಮುರಿದಂತೆ ಸದ್ದಾಯಿತು. ಉಳಿದಿದ್ದ ನಾಲ್ಕು ಹಲ್ಲು ಬಂಡೆಯ ಮೇಲೆ ಬಿದ್ದವು. ಊರಿನ ಅಷ್ಟೂ ಹೆಸರು ಇದ್ದ ಬಾಯಿ ಅದು. ರಕ್ತ ಸುರಿಸುತ್ತ ತೆರೆದೇ ಉಳಿಯಿತು.

ಮಾರ್ಸಲಿ ಹೊಡೆದವನ ಮಣಿಕಟ್ಟಿಗೆ ಬಾಯಿ ಹಾಕಿದಳು. ಹಲ್ಲಿಗೆ ಮೂಳೆ ಸಿಕ್ಕಿತು. ಅವನು ಅರಚಿದ. ಇನ್ನಿಬ್ಬರು ಅವಳ ಜಡೆ ಹಿಡಿದು ಎಳೆದು ಕೆಡವಿದರು. ಒಬ್ಬ ಅವಳ ಬಲಗೈಯನ್ನು ಚಿಪ್ಪುಬಂಡೆಯ ಮೇಲೆ ಚಾಚಿ ಹಿಡಿದ. ಇನ್ನೊಬ್ಬ ಬೂಟು ಹಾಕಿ ತುಳಿದ. ಒಂದು ಸಲ ಅಲ್ಲ. ಎರಡು ಬೆರಳು ಮುರಿದವು. ಮೇಲೆ ದಿಣ್ಣೆಯಲ್ಲಿ, ಇಡೀ ದಿನ ಜೌಗು ಸುತ್ತಿ ಬಂದಿದ್ದ ಹಾಲಿಬರ್ಟನ್ ಕುದುರೆಯ ಮೇಲೆ ಕೂತು ನೋಡುತ್ತಿದ್ದ.

ಗಂಡಸರು ಸಂಜೆ ಬಂದರು. ಕೊಡಲಿ ಹಿಡಿದು ಹೊರಟ ಗಂಡ ತೊರ್ಕಲ್‌ನನ್ನು ಮಾರ್ಸಲಿಯೇ ತಡೆದಳು.

"ನೀನು ಹೋದ್ರೆ ನಿನ್ನ ನೇಣಿಗಾಕ್ತಾರೆ. ಸುಮ್ಕಿರು."

"ಮತ್ತೆ? ಹಿಂಗೇ ತುಳುಸ್ಕಂಡು ಬಿದ್ದಿರಾನಾ?"

ಅವಳು ಮುರಿದ ಬೆರಳುಗಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಹಲ್ಲಿನಿಂದ ಗಂಟು ಬಿಗಿದಳು. 

*

ಏಪ್ರಿಲ್ ಮಧ್ಯದಲ್ಲಿ ಹಾಲಿಬರ್ಟನ್ ಮತ್ತೆ ದೋಣಿಯಲ್ಲಿ ಬಂದ. ಜೊತೆಗೆ ಮೂವರು ಪೊಲೀಸರು, ತೊರಮೊದ್. ಅವನ ಕೋಟಿನ ಜೇಬಿನಲ್ಲಿ ಹನ್ನೊಂದು ಕಾಗದ. ಸೊಪ್ಪು ಕೊಯ್ದ ಹನ್ನೊಂದು ಮನೆಗಳನ್ನು ಬಿಡಿಸುವ ನೋಟೀಸು. ಆ ವಾರದೊಳಗೆ ಅವು ಕೈ ಸೇರದಿದ್ದರೆ ಆ ವರ್ಷ ಬಿಡಿಸುವ ಹಾಗಿಲ್ಲ, ಅದು ಕಾನೂನು. ಅದಕ್ಕೇ ತಾನೇ ಬಂದಿದ್ದ.

ಅಂದೂ ಗಂಡಸರು ಕಡಲಿನಲ್ಲಿದ್ದರು. ದೋಣಿ ನಿಂತಿತು. ಪೊಲೀಸರ ಬೂಟು ಮೊಣಕಾಲುದ್ದ, ನೀರು ಸೊಂಟದುದ್ದ. ಅವರೂ ಇಳಿಯಲಿಲ್ಲ.

"ಯಾರ ಪಾಳಿ ಇವತ್ತು?" ಹಾಲಿಬರ್ಟನ್ ಕೂಗಿದ. ನೋಡಿ ಅವನ ಧೈರ್ಯ! ದವಡೆ ಮುರಿಸಿ, ಬೆರಳು ತುಳಿಸಿ, ಮನೆ ಬಿಡಿಸಲು ಬಂದವನು ಬೆನ್ನು ಕೇಳುತ್ತಿದ್ದಾನೆ. ನಾಚಿಕೆ ಎಂಬುದು ಅವರ ಕುಲದಲ್ಲಿ ಹುಟ್ಟಿಯೇ ಇಲ್ಲ.

ದಡದಲ್ಲಿ ಹೆಂಗಸರು ಅಲ್ಲಾಡಲಿಲ್ಲ. ಪಾಳಿ ಮಾರ್ಸಲಿಯದು. ಅವಳು ಲಂಗ ಎತ್ತಿ ಕಟ್ಟಿದಳು.

"ಹೋಗ್ಬ್ಯಾಡ ಕಣೇ" ಎಂದು ಕಿರ್ಸ್ತಿ ಅವಳ ತೋಳು ಹಿಡಿದಳು. "ಮಾನ ಇಲ್ವಾ ನಿಂಗೆ? ಅಲ್ಲೇ ಕೊಳೀಲಿ ಬುಡು ಅವ್ನು."

"ಪಾಳಿ ನಂದು. ನಾನೇ ಹೊರ್ತೀನಿ."

ಬೇಹಾಗತ್ತೆ ದವಡೆಗೆ ಬಟ್ಟೆ ಕಟ್ಟಿಕೊಂಡು ಕಲ್ಲಿನ ಮೇಲೆ ಕೂತಿದ್ದಳು. ಮಾತು ಹೊರಡದು. ಮಾರ್ಸಲಿಯನ್ನೇ ನೋಡಿದಳು.

ನೀರು ಮೂಳೆ ಕೊರೆಯುತ್ತಿತ್ತು. ಮಾರ್ಸಲಿ ದೋಣಿಗೆ ಬೆನ್ನು ತಿರುಗಿಸಿದಳು. ಅವನು ಹತ್ತಿದ. ಹದಿನಾರು ವರ್ಷದಲ್ಲಿ ಅವನ ತೂಕ ಹೆಚ್ಚಿತ್ತು. ತಂಬಾಕಿನ ಉಸಿರು ಅವಳ ಕೆನ್ನೆಗೆ ಬಡಿಯುತ್ತಿತ್ತು. ಮುರಿದ ಬೆರಳುಗಳನ್ನು ಅವನ ತೊಡೆಯ ಕೆಳಗೆ ಹೆಣೆದಳು. ನೋವು ಭುಜದ ತನಕ ಏರಿತು. ನಡೆದಳು. ಕಾಲಿಗೆ ಒಂದೊಂದು ಕಲ್ಲೂ ಗೊತ್ತು. ಒದ್ದೆರೊಟ್ಟಿ ದಾಟಿದಳು. ಅಜ್ಜಿಹಲ್ಲು ದಾಟಿದಳು. ಮರಳಿನ ಕಡೆಗೆ ಎಡಕ್ಕೆ ಹೊರಳಬೇಕಿತ್ತು. ಹೊರಳಲಿಲ್ಲ.

"ಏಯ್, ಎತ್ತ ಹೋಗ್ತಿದ್ದೀಯೇ?"

ಅವಳು ಹಾಸುಬಂಡೆಯ ಮೇಲೆ ಬಂದು ನಿಂತಳು. ಪಕ್ಕದಲ್ಲಿ ಕೊರಕಲು ಕಪ್ಪಗೆ ಉಸಿರಾಡುತ್ತಿತ್ತು.

"ಇದು ಯಾವ ಜಾಗ ಬುದ್ಧಿ?"

ಬೆತ್ತ ಅವಳ ತಲೆಗೆ ಬಿತ್ತು. "ನಡಿ ಮುಂದೆ!"

"ಯೋಳಿ ಬುದ್ಧಿ. ಎಲ್ಡೇ ಮಾತು. ಯೋಳುದ್ರೆ ಒಣಗಿದ ಕಾಲಲ್ಲಿ ದಡಕ್ಕೆ ಬುಡ್ತೀನಿ. ನಮ್ಮವ್ವನಾಣೆ."

ಮತ್ತೆ ಬಿತ್ತು. ಕಣ್ಣಿಗೆ ರಕ್ತ ಇಳಿಯಿತು. ಅವನ ತೋಳು ಅವಳ ಗಂಟಲನ್ನು ಹಿಸುಕಿತು. ಅವಳು ಬಂಡೆಗೆ ಕಾಲೂರಿ ನಿಂತಳು. ದೋಣಿಯಿಂದ ಪೊಲೀಸರು ಏನೋ ಕೂಗುತ್ತಿದ್ದರು.

"ಇದಕ್ಕೆ ಹೆಸರಿಲ್ಲ ಕಣೇ ಮುಂಡೆ! ಬರೀ ಕಲ್ಲು!"

"ಹಂಗಾರೆ ನೀವು ಬಿದ್ದಿದ್ದು ಎಲ್ಲೂ ಅಲ್ಲ ಬುಡಿ" ಎಂದಳು ಮಾರ್ಸಲಿ. ಬಗ್ಗಿದಳು. ಹೆಡಿಗೆ ಸುರಿದ ಹಾಗೆ ತಲೆಯ ಮೇಲಿಂದ ಅವನನ್ನು ಕೊರಕಲಿಗೆ ಸುರಿದಳು.

ಅವನು ಅವಳ ಜಡೆ ಬಿಡಲಿಲ್ಲ. ಅವಳೂ ಬಿದ್ದಳು. ನೀರಿನೊಳಗೆ ಒದ್ದಾಟ. ಅವನ ಉಗುರು ಅವಳ ಕೆನ್ನೆ ಹರಿಯಿತು. ಅವಳು ಬಂಡೆಯ ಅಂಚು ಹಿಡಿದಳು. ಮೇಲೆದ್ದಳು. ಉಸಿರು ಎಳೆದುಕೊಂಡಳು. ಅವಳ ಕಾಲಿನ ಕೆಳಗೆ ಅವನು ಇದ್ದ.

ಅವಳು ನಿಂತಳು. ಎರಡೂ ಪಾದ ಅವನ ಹೆಗಲ ಮೇಲೆ ಊರಿ ನಿಂತಳು.

ಆಗ ಗೊತ್ತಾಯಿತು. ಕಾಲ ಕೆಳಗೆ ಮನುಷ್ಯ ಇದ್ದರೆ ಗೊತ್ತಾಗುತ್ತದೆ. ಅವನು ಅಲ್ಲಾಡುತ್ತಾನೆ. ಅವನ ಮೂಳೆ ತಿರುಗುತ್ತದೆ. ಅವನ ಕೈ ನಿನ್ನ ಕಾಲನ್ನು ಹಿಡಿಯುತ್ತದೆ, ಸವರುತ್ತದೆ, ಬೇಡುತ್ತದೆ. ಬಂಡೆ ಬೇಡುವುದಿಲ್ಲ. ಬಂಡೆ ಅಂದುಕೊಂಡೆ ಎಂದಿದ್ದನಲ್ಲ? ನಿಜವಾಗಿ ತಿಳಿದಿರಲಿಲ್ಲವೋ ಏನೋ ಎಂದು ಹದಿನಾರು ವರ್ಷ ಅವಳು ಒಳಗೊಳಗೇ ಅವನಿಗೊಂದು ಸಂದು ಬಿಟ್ಟಿದ್ದಳು. ಆ ಸಂದು ಈಗ ಮುಚ್ಚಿತು. ಗೊತ್ತಿತ್ತು. ಗೊತ್ತಿದ್ದೇ ನಿಂತಿದ್ದ. ಅವ್ವ ಹೀಗೇ ಅವನ ಬೂಟು ಹಿಡಿದುಕೊಂಡಿದ್ದಳು.

ಅವಳು ಇನ್ನೂ ಸ್ವಲ್ಪ ನಿಂತಳು. ಕೆಳಗಿನ ಕೈ ಸಡಿಲವಾಗತೊಡಗಿತು.

ದಡದಿಂದ ಒಂದು 'ಹೋ' ಎಂಬ ಸದ್ದು ಬಂತು. ಬೇಹಾಗತ್ತೆ ಎದ್ದು ನಿಂತಿದ್ದಳು. ಬಾಯಿಗೆ ಕಟ್ಟಿದ ಬಟ್ಟೆಯೊಳಗಿಂದ ಅರಚುತ್ತಿದ್ದಳು. ಕೊಲ್ಲು ಎಂದಳೋ, ಬೇಡ ಎಂದಳೋ ಮಾರ್ಸಲಿಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ಅವಳು ಕಾಲು ತೆಗೆದಳು. ಮುಳುಗಿ ಅವನ ಕಾಲರ್ ಹಿಡಿದು ತಲೆಯನ್ನು ನೀರಿನಿಂದ ಮೇಲೆತ್ತಿದಳು. ಅವನು ಕೆಮ್ಮಿದ. ವಾಂತಿ ಮಾಡಿದ.

"ನಾನು ನೀನಲ್ಲ ಕಣೋ, ನಾಯಿ" ಎಂದಳು. ಬುದ್ಧಿ ಅನ್ನಲಿಲ್ಲ. ಆಮೇಲೆ ಎಂದೂ ಅನ್ನಲಿಲ್ಲ.

ಅಷ್ಟರಲ್ಲಿ ದೋಣಿ ಬಂತು. ಹುಟ್ಟಿನ ಅಲಗು ಅವಳ ಬೆನ್ನಿಗೆ ಬಿತ್ತು, ಆಮೇಲೆ ತಲೆಗೆ. ದಡದಿಂದ ಕಲ್ಲು ಹಾರತೊಡಗಿತು. ಸೊಪ್ಪು ಕೊಯ್ಯುವ ಹೆಂಗಸರ ತೋಳು, ಗುರಿ ತಪ್ಪುವ ತೋಳಲ್ಲ. ಒಬ್ಬ ಪೊಲೀಸನ ಹಣೆ ಒಡೆಯಿತು, ಇನ್ನೊಬ್ಬನ ಮೂಗು. ಹಾಲಿಬರ್ಟನ್‌ನ ಕಾಲು ಬಿದ್ದಾಗಲೇ ಮುರಿದಿತ್ತು. ಅವನ ಜೇಬಿನಿಂದ ಕಳಚಿದ ಹನ್ನೊಂದು ಕಾಗದಗಳು ಅಲೆಯ ಮೇಲೆ ಒಂದೊಂದಾಗಿ ಬಿಚ್ಚಿಕೊಂಡು ಹೋದವು. ಮಾರ್ಸಲಿಯನ್ನು ಕೈ ಕಟ್ಟಿ ದೋಣಿಯ ತಳದಲ್ಲಿ ಹಾಕಿಕೊಂಡು ಹೋದರು.

*

ಮೇ ತಿಂಗಳಲ್ಲಿ ಪಟ್ಟಣದ ಕೋರ್ಟು. ಮಾರ್ಸಲಿ ಕಟಕಟೆಯಲ್ಲಿ. ಹಾಲಿಬರ್ಟನ್ ಎರಡು ಊರುಗೋಲು ಹಿಡಿದು ಬಂದ. ತೊರಮೊದ್ ಬೈಬಲ್ ಮುಟ್ಟಿ ದುಭಾಷಿಯಾಗಿ ನಿಂತ. ಕಡಲಿನಿಂದ ಒಬ್ಬ ಗಂಡಸೂ ಬರದ ಹಾಗೆ ದಿನ ಗೊತ್ತುಮಾಡಿದ್ದರು. ಹೆಂಗಸರು ಎರಡು ದಿನ ನಡೆದು ಬಂದಿದ್ದರು.

ಸರಕಾರಿ ವಕೀಲ ಆರೋಪ ಓದಿದ. "ತಾಂಗಸ್ಟಾದ ಕರೆಯಲ್ಲಿ, ಹೆಸರಿಲ್ಲದ ಒಂದು ಬಂಡೆಯ ಬಳಿ, ಕೊಲೆಯ ಉದ್ದೇಶದಿಂದ..."

ಆರೋಪ ಒಪ್ಪುತ್ತೀಯಾ ಎಂದು ಕೇಳಿದರು. ಮಾರ್ಸಲಿ ಬಾಯಿ ಬಿಡಲಿಲ್ಲ.

ಜಡ್ಜಿ ಮುದುಕ, ಒಣಕಲು ಮನುಷ್ಯ. ಕಾನೂನಿನ ಕಡ್ಡಿಯನ್ನು ಎರಡಾಗಿ ಸೀಳುವವನು. ಅವನು ಮೇಜಿನ ಮೇಲೆ ನಕಾಶೆ ಹಾಸಿಸಿದ. "ಕರೆ ಮೂರು ಮೈಲಿ ಇದೆ. ಇಲ್ಲಿ ಇನ್ನೂರು ಬಂಡೆ ಕಾಣುತ್ತಿದೆ. ಯಾವುದು? ಜಾಗ ಹೇಳದ ಆರೋಪವನ್ನು ನಾನು ತೆಗೆದುಕೊಳ್ಳುವುದಿಲ್ಲ."

ಪೊಲೀಸರನ್ನು ಕರೆದರು. ಒಬ್ಬ ಕಪ್ಪು ಬಂಡೆ ಎಂದ. ಅಲ್ಲಿ ಬಿಳಿ ಬಂಡೆ ಒಂದೂ ಇಲ್ಲ. ಎರಡನೆಯವನು ಚಪ್ಪಟೆ ಬಂಡೆ ಎಂದ. ಮೂರನೆಯವನು ಬೇರೆ ಊರಿನ ಕೊಲ್ಲಿಯ ಮೇಲೆ ಬೆರಳಿಟ್ಟ. ಜಡ್ಜಿ ಕನ್ನಡಕ ತೆಗೆದು ಒರೆಸಿದ.

"ಸ್ಥಳೀಯರನ್ನು ಕೇಳಿ."

ಕಿರ್ಸ್ತಿ ಎದ್ದಳು. ಆ ಜಾಗಕ್ಕೆ ಏನೆನ್ನುತ್ತೀರಿ ಎಂದು ತೊರಮೊದ್ ಕೇಳಿದ.

"ಏನೂ ಅನ್ನಲ್ಲ ಬುದ್ಧಿ. ಅದ್ಕೆ ಹೆಸರಿಲ್ಲ."

ಮಾರ್ಸಲಿ ತಟ್ಟನೆ ತಲೆ ಎತ್ತಿದಳು. ಕಿರ್ಸ್ತಿ ಅವಳ ಕಡೆ ನೋಡಲೇ ಇಲ್ಲ. ನೋಡುತ್ತಿದ್ದದ್ದು ಹಾಲಿಬರ್ಟನ್‌ನನ್ನು.

"ಪಾರುಪತ್ಯಗಾರ್ರು ಕುರ್ಚಿ ಹಾಕ್ಕಂಡು ಕೆಂಪು ಶಾಯೀಲಿ ಬರ್ದವ್ರಲ್ಲ? ಅವರ್ಗಿಂತ ನಾವು ಹೆಚ್ಚಾ?"

ಎರಡನೆಯವಳು ಎದ್ದಳು. ಹೆಸರಿಲ್ಲ. ಮೂರನೆಯವಳು. ಹೆಸರಿಲ್ಲ. ಒಬ್ಬೊಬ್ಬಳೂ ಎದ್ದು ಅದನ್ನೇ ಹೇಳಿ ಕೂತಳು. ಮಾರ್ಸಲಿಗೆ ಅರ್ಥವಾಯಿತು. ಕಟಕಟೆಯ ಮರವನ್ನು ಸೊಟ್ಟ ಬೆರಳುಗಳಿಂದ ಬಿಗಿಯಾಗಿ ಹಿಡಿದುಕೊಂಡಳು. ಕೊನೆಗೆ ಬೇಹಾಗತ್ತೆ ಎದ್ದಳು. ದವಡೆ ತೋರಿಸಿದಳು. ಮಾತು ಬಾರದೆಂದು ತಲೆ ಅಲ್ಲಾಡಿಸಿ ಕೂತಳು.

ಜಡ್ಜಿ ನಕಾಶೆ ಮಡಚತೊಡಗಿದ. "ಜಾಗವೇ ಇಲ್ಲದ ಮೇಲೆ..."

"ಸುಳ್ಳು!" ಹಾಲಿಬರ್ಟನ್ ಊರುಗೋಲು ಬಡಿದು ಎದ್ದ. ಮುಖ ಬೀಟ್‌ರೂಟಿನ ಬಣ್ಣ. "ಈ ಮುಂಡೆಯರು ಆಟ ಆಡುತ್ತಿದ್ದಾರೆ! ಇಡೀ ದ್ವೀಪಕ್ಕೆ ಗೊತ್ತು ಆ ಜಾಗ! ಲೆಕ್ ಗೋರ್ಮಲ್! ಅದು ಲೆಕ್ ಗೋರ್ಮಲ್!"

 ಹಾಲಿಬರ್ಟನ್‌ಗೆ ತಾನು ಹೇಳಿದ್ದು ಆಮೇಲೆ ಕೇಳಿಸಿತು. ನಿಧಾನವಾಗಿ ಕೂತ.

"ಪ್ರಮಾಣ ಮಾಡಿ ಹೇಳುತ್ತಿದ್ದೀರಲ್ಲ?" ಎಂದ ಜಡ್ಜಿ. ಅವನು ಹೂಂ ಅನ್ನಲೇಬೇಕಾಯಿತು. "ಗುಮಾಸ್ತರೇ, ಬರೆದುಕೊಳ್ಳಿ. ಗೋರ್ಮಲ್ ಎಂದರೆ ಯಾರು?"

ಹಾಲಿಬರ್ಟನ್ ನೆಲ ನೋಡಿದ.

"ನಮ್ಮವ್ವ" ಎಂದಳು ಮಾರ್ಸಲಿ. ಅಂದು ಅವಳು ಆಡಿದ ಮೊದಲ ಮಾತು ಅದು. "ಜ್ವರದಲ್ಲಿ ಇವ್ನ ಹೊತ್ಕಂಡು ಬಂದು ಅಲ್ಲಿ ಬಿದ್ಲು. ಇವ್ನು ಅವಳ ಮ್ಯಾಲೆ ನಿಂತ್ಕಂಡು ಬದುಕ್ದ. ಬಂಡೆ ಅಂದ್ಕಂಡಿದ್ನಂತೆ. ನಾನೂ ಇವ್ನ ಮ್ಯಾಲೆ ನಿಂತು ನೋಡಿದ್ದೀನಿ ಸಾಮಿ. ಬಂಡೆ ಅನ್ಸಕಿಲ್ಲ."

ಎಲ್ಲರೂ ತೊರಮೊದ್‌ನ ಕಡೆ ನೋಡಿದರು.  ಹಾಲಿಬರ್ಟನ್ ಅವನನ್ನೇ ದುರುಗುಟ್ಟಿ ನೋಡುತ್ತಿದ್ದ. ತೊರಮೊದ್ ಇಂಗ್ಲಿಷಿನಲ್ಲಿ ಹೇಳತೊಡಗಿದ. ಈ ಸಲ ಒಂದು ಮಾತನ್ನೂ ಬಿಡಲಿಲ್ಲ. ಗುಮಾಸ್ತನ ಪೆನ್ನು ಪರಪರ ಓಡಿತು.

ತಿದ್ದಿದ ಆರೋಪವನ್ನು ಮತ್ತೆ ಓದಬೇಕು. ಮತ್ತೆ ಕೇಳಬೇಕು. ಅದು ನಿಯಮ. "ಲೆಕ್ ಗೋರ್ಮಲ್ ಎಂಬಲ್ಲಿ ನೀನು ಪಾರುಪತ್ಯಗಾರರನ್ನು ನೀರಿಗೆ ಕೆಡವಿದ್ದು ನಿಜವೇ?"

ಮಾರ್ಸಲಿ ನೆಟ್ಟಗೆ ನಿಂತಳು. ಇಲ್ಲ ಅಂದಿದ್ದರೆ ಕೇಸು ಇನ್ನೂ ಎಳೆಯಬಹುದಿತ್ತು.

"ಹೂಂ, ನಿಜ. ಅಲ್ಲೇ ಕೆಡವ್ದೆ. ಲೆಕ್ ಗೋರ್ಮಲ್‌ನಾಗೇ."

ಜಡ್ಜಿ ಮೂರು ತಿಂಗಳ ಸಜೆ ಎಂದ. ಹೆಂಗಸರ ಸಾಲಿನಲ್ಲಿ ಬಟ್ಟೆ ಕಟ್ಟಿದ ಬಾಯೊಂದು ಲೆಕ್ ಗೋರ್ಮಲ್ ಎಂಬ ಆ ಎರಡು ಮಾತನ್ನು ಒಡೆದು ಒಡೆದು ಹೇಳಿತು. ಪೊಲೀಸು ಬಂದು ಮಾರ್ಸಲಿಯ ತೋಳು ಹಿಡಿದ. ಅವಳು ಅಲುಗಲಿಲ್ಲ. ಗುಮಾಸ್ತನ ಕಡೆ ತಿರುಗಿದಳು.

"ಬರ್ಕಂಡ್ರಾ ಸಾಮಿ? ಇನ್ನೊಂದ್ಸಲ ಓದಿ."

ಗುಮಾಸ್ತ ಜಡ್ಜಿಯ ಮುಖ ನೋಡಿದ. ಆಮೇಲೆ ಹಾಳೆ ಎತ್ತಿ ಹಿಡಿದು ಓದಿದ.